ನಾದವನ್ನು ಹಿಡಿದಿಟ್ಟವರು

ಬೇಲೂರು, ಹಳೇಬೀಡುಗಳ ದೇವಾಲಯಗಳ ಗೋಡೆಗಳ ಮೇಲೆ ಮದ್ದಳೆ ಬಾರಿಸುವವರೂ ಕೊಳಲೂದುವವರೂ ತಾಳ ಹಿಡಿದವರೂ ಎಂಟುನೂರು ವರ್ಷಗಳಿಗೂ ಮಿಗಿಲಾಗಿ ನಿಂತಿದ್ದಾರೆ. ಅವರ ಬೆರಳುಗಳ ಬಾಗು, ಕೊರಳಿನ ಹಾರ, ನಡುವಿನ ಬಳುಕು ಇಂದಿಗೂ ಸ್ಪಷ್ಟವಾಗಿ ಕಾಣುತ್ತವೆ. ಆದರೆ ಆ ಮದ್ದಳೆಯ ನಾದ ಹೇಗಿತ್ತೆಂದು ಹೇಳಬಲ್ಲವರು ಯಾರೂ ಇಲ್ಲ. ಪುರಂದರದಾಸರ ಕೀರ್ತನೆಗಳ ಸಾಹಿತ್ಯ ಉಳಿದು ಬಂದಿದೆ. ಅವುಗಳನ್ನು ಅವರು ಹಾಡಿದ ಧಾಟಿಗಳು ಬಹುಪಾಲು ಕಣ್ಮರೆಯಾಗಿವೆ. ಅವರ ಕಂಠವಂತೂ ಕೇಳಿದವರ ಜೊತೆಯಲ್ಲಿಯೇ ಹೋಯಿತು. ಶಿಲ್ಪಕ್ಕೆ ಕಲ್ಲು, ಚಿತ್ರಕ್ಕೆ ಬಣ್ಣ, ಕಾವ್ಯಕ್ಕೆ ಓಲೆಗರಿ ಆಸರೆಯಾಗಿದ್ದವು. ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲಿಯೇ ಅಡಗುವ ನಾದಕ್ಕೆ ಗುರುವಿನಿಂದ ಶಿಷ್ಯನಿಗೆ ಇಳಿದು ಬರುವ ನೆನಪೊಂದನ್ನು ಬಿಟ್ಟರೆ ಬೇರೆ ಆಸರೆ ಇರಲಿಲ್ಲ.

ಈ ಕೊರತೆಯನ್ನು ನೀಗುವ ಯಂತ್ರವೊಂದನ್ನು 1877ರಲ್ಲಿ ಅಮೆರಿಕದ ಥಾಮಸ್ ಆಲ್ವ ಎಡಿಸನ್ನರು ನಿರ್ಮಿಸಿದರು. ಶಬ್ದವೆಂದರೆ ಗಾಳಿಯ ಕಂಪನ. ಕೊಳವೆಯೊಂದರ ತುದಿಗೆ ತೆಳುವಾದ ಪೊರೆಯನ್ನು ಕಟ್ಟಿ ಅದರೊಳಗೆ ಮಾತನಾಡಿದರೆ ಪೊರೆಯು ಆ ಕಂಪನಕ್ಕೆ ತಕ್ಕಂತೆ ನಡುಗುತ್ತದೆ. ಪೊರೆಗೆ ಅಂಟಿಸಿದ ಸೂಜಿಯೂ ಅದರೊಡನೆ ನಡುಗಿ, ತಿರುಗುತ್ತಿರುವ ಉರುಳೆಗೆ ಸುತ್ತಿದ ತವರದ ತೆಳುಹಾಳೆಯ ಮೇಲೆ ತಗ್ಗುದಿಣ್ಣೆಗಳ ಗೀರನ್ನು ಎಳೆಯುತ್ತದೆ. ಅದೇ ಗೀರಿನ ಮೇಲೆ ಸೂಜಿಯನ್ನು ಮತ್ತೊಮ್ಮೆ ಓಡಿಸಿದರೆ ಕ್ರಿಯೆ ತಿರುಗುಮುರುಗಾಗುತ್ತದೆ: ಗೀರು ಸೂಜಿಯನ್ನು ನಡುಗಿಸುತ್ತದೆ, ಸೂಜಿ ಪೊರೆಯನ್ನು, ಪೊರೆ ಗಾಳಿಯನ್ನು. ಆಡಿದ ಮಾತು ಮರಳಿ ಕೇಳುತ್ತದೆ. ಇಷ್ಟು ಸರಳವಾದ ಉಪಾಯ ಅಷ್ಟು ಕಾಲ ಯಾರಿಗೂ ಹೊಳೆಯದೆ ಹೋದದ್ದೇ ಆಶ್ಚರ್ಯ.

ಎಡಿಸನ್ನರ ಉರುಳೆಯಲ್ಲಿ ಒಂದು ತೊಡಕಿತ್ತು. ಒಂದರಿಂದ ಸಾವಿರ ಪ್ರತಿಗಳನ್ನು ತೆಗೆಯುವುದು ಸುಲಭವಾಗಿರಲಿಲ್ಲ. 1887ರಲ್ಲಿ ಎಮಿಲ್ ಬರ್ಲಿನರ್ ಎಂಬವರು ಉರುಳೆಯನ್ನು ಬಿಟ್ಟು ಚಪ್ಪಟೆಯಾದ ತಟ್ಟೆಯನ್ನು ಹಿಡಿದರು. ಇದೇ ಗ್ರಾಮಫೋನು. ಮುಂದೆ ರೂಢಿಗೆ ಬಂದ ಕ್ರಮದಲ್ಲಿ ಮೊದಲು ಮೇಣದ ತಟ್ಟೆಯ ಮೇಲೆ ಗೀರು ಬೀಳುತ್ತಿತ್ತು. ವಿದ್ಯುತ್ತಿನ ನೆರವಿನಿಂದ ಅದರ ಮೇಲೆ ಲೋಹದ ಲೇಪ ಕೂರಿಸಿ ಬಿಡಿಸಿದರೆ ಗೀರು ಉಬ್ಬಾಗಿ ಮೂಡಿದ ಅಚ್ಚು ದೊರೆಯುತ್ತಿತ್ತು. ಆ ಅಚ್ಚನ್ನು ಬಿಸಿ ಅರಗಿನ ಮುದ್ದೆಯ ಮೇಲೆ ಒತ್ತಿದರೆ ತಟ್ಟೆ ಸಿದ್ಧ. ಈ ಅರಗು ಮರದ ಕೊಂಬೆಗಳ ಮೇಲೆ ಬಾಳುವ ಒಂದು ಕಿರುಕೀಟ ಒಸರುವ ಅಂಟು. ಅದು ಹೇರಳವಾಗಿ ದೊರೆಯುತ್ತಿದ್ದುದು ಭಾರತದಲ್ಲಿ. ಯೂರೋಪಿನ ಮನೆಗಳಲ್ಲಿ ತಿರುಗುತ್ತಿದ್ದ ಆ ಕರಿಯ ತಟ್ಟೆಗಳಲ್ಲಿ ಭಾರತದ ಕಾಡುಗಳ ಅರಗು ಸೇರಿತ್ತೆಂಬುದನ್ನು ಕೇಳುವವರಲ್ಲಿ ಎಷ್ಟು ಜನ ಬಲ್ಲವರಿದ್ದರೋ!

ತಟ್ಟೆಗಳನ್ನು ಮಾರಬೇಕಾದರೆ ಅವುಗಳಲ್ಲಿ ಕೇಳತಕ್ಕದ್ದು ಏನಾದರೂ ಇರಬೇಕಲ್ಲವೆ? ಯಾರ ಹಾಡನ್ನು ಹಿಡಿಯಬೇಕು, ಅವರನ್ನು ಹೇಗೆ ಒಪ್ಪಿಸಬೇಕು, ಯಂತ್ರದ ಮುಂದೆ ಅವರನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನೆಲ್ಲ ನಿರ್ಧರಿಸುವ ಒಬ್ಬ ವ್ಯಕ್ತಿ ಬೇಕಾಯಿತು. ಅಂತಹವರಲ್ಲಿ ಮೊದಲಿಗರು ಫ್ರೆಡ್ ಗೈಸ್‌ಬರ್ಗ್. ಬರ್ಲಿನರ್ ಅವರಲ್ಲಿ ಕೆಲಸ ಕಲಿತ ಈ ಅಮೆರಿಕದ ತರುಣ 1898ರಲ್ಲಿ ಲಂಡನ್ನಿಗೆ ಬಂದು ಗ್ರಾಮಫೋನು ಕಂಪೆನಿಯನ್ನು ಸೇರಿದರು. 1902ರ ಏಪ್ರಿಲ್ ತಿಂಗಳಲ್ಲಿ ಅವರು ಇಟಲಿಯ ಮಿಲಾನ್ ನಗರದಲ್ಲಿ ಎನ್ರಿಕೊ ಕರೂಸೊ ಎಂಬ ಗಾಯಕನನ್ನು ಕೇಳಿದರು. ಹತ್ತು ಹಾಡುಗಳಿಗೆ ನೂರು ಪೌಂಡು ಕೊಡಬೇಕೆಂದು ಕರೂಸೊ ಕೇಳಿದಾಗ, ಲಂಡನ್ನಿನ ಕಚೇರಿ ಅದು ವಿಪರೀತವೆಂದು ತಂತಿ ಕಳುಹಿಸಿ ತಡೆಯಿತಂತೆ. ತಾವು ಅದನ್ನು ಲೆಕ್ಕಿಸದೆ ಮುದ್ರಿಸಿಯೇ ಬಿಟ್ಟುದಾಗಿ ಗೈಸ್‌ಬರ್ಗ್ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಆ ತಟ್ಟೆಗಳು ಕರೂಸೊವನ್ನೂ ಗ್ರಾಮಫೋನನ್ನೂ ಒಟ್ಟಿಗೆ ಪ್ರಸಿದ್ಧಿಗೆ ತಂದವು.

ಅದೇ ವರ್ಷದ ಕೊನೆಯಲ್ಲಿ ಗೈಸ್‌ಬರ್ಗ್ ತಮ್ಮ ಯಂತ್ರ, ಮೇಣದ ತಟ್ಟೆಗಳೊಡನೆ ಹಡಗಿನಲ್ಲಿ ಕಲ್ಕತ್ತೆಗೆ ಬಂದಿಳಿದರು. ಹೋಟೆಲೊಂದರ ಕೋಣೆಯೇ ಅವರ ಧ್ವನಿಮುದ್ರಣ ಶಾಲೆಯಾಯಿತು. ಭಾರತದ ಸಂಗೀತ ಅವರಿಗೆ ತೀರ ಹೊಸದು. ಪ್ರಸಿದ್ಧರಾದ ಉಸ್ತಾದರಲ್ಲಿ ಅನೇಕರು ಯಂತ್ರದ ಹತ್ತಿರ ಸುಳಿಯಲಿಲ್ಲ. ತಮ್ಮ ವಿದ್ಯೆ ಬೀದಿಯ ಪಾಲಾದೀತೆಂಬ ಅಳುಕು ಒಂದು ಕಡೆ, ಮೂರು ನಿಮಿಷಗಳಲ್ಲಿ ರಾಗವನ್ನು ಹಾಡುವುದೆಂತು ಎಂಬ ತಿರಸ್ಕಾರ ಇನ್ನೊಂದು ಕಡೆ. ಮುಂದೆ ಬಂದವರು ಮುಖ್ಯವಾಗಿ ಗಾಯಕಿಯರು. ಅವರಲ್ಲಿ ಗೌಹರ್ ಜಾನ್ ಅವರ ಹೆಸರು ಅಗ್ರಗಣ್ಯವಾದುದು. 1873ರಲ್ಲಿ ಹುಟ್ಟಿದ ಅವರು ಆ ವೇಳೆಗಾಗಲೇ ಕಲ್ಕತ್ತೆಯಲ್ಲಿ ಹೆಸರಾಂತ ಕಲಾವಿದೆ.

ಅಂದಿನ ಧ್ವನಿಮುದ್ರಣದ ಬಗೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಆಗ ಮೈಕ್ರೊಫೋನು ಇರಲಿಲ್ಲ, ವಿದ್ಯುತ್ತಿನ ಬಳಕೆಯೂ ಇರಲಿಲ್ಲ. ಗೋಡೆಯಿಂದ ತಗಡಿನ ದೊಡ್ಡ ಕಹಳೆಯೊಂದು ಚಾಚಿಕೊಂಡಿರುತ್ತಿತ್ತು. ಗಾಯಕರು ಅದರ ಬಾಯಿಗೆ ಮುಖವಿಟ್ಟು ಹಾಡಬೇಕು. ಮೇಣವನ್ನು ಕೊರೆಯುವ ಶಕ್ತಿಯೆಲ್ಲ ಅವರ ಕಂಠದಿಂದಲೇ ಬರಬೇಕಾದುದರಿಂದ ದನಿ ಗಟ್ಟಿಯಾಗಿರಬೇಕು. ಆದರೆ ತಾರಸ್ಥಾಯಿಗೆ ಏರಿದಾಗ ಸೂಜಿ ಗೀರಿನಿಂದ ಹಾರಿಹೋಗದಂತೆ ಹಿಂದಕ್ಕೆ ಸರಿಯಬೇಕು. ಹಾಡುವವರಿಗೆ ಇದು ನೆನಪಿರುವುದೇ? ಆದಕಾರಣ ಗೈಸ್‌ಬರ್ಗ್ ಅವರಂತಹವರು ಗಾಯಕರ ಪಕ್ಕದಲ್ಲಿಯೇ ನಿಂತು, ಮೇಲಿನ ಸ್ವರ ಬರುವ ಹೊತ್ತಿಗೆ ಅವರನ್ನು ತೋಳು ಹಿಡಿದು ಹಿಂದಕ್ಕೆ ಎಳೆದು, ಇಳಿದಾಗ ಮತ್ತೆ ಮುಂದಕ್ಕೆ ತಳ್ಳುತ್ತಿದ್ದುದುಂಟು. ಪಿಟೀಲಿನಂತಹ ಮೆಲುದನಿಯ ವಾದ್ಯಗಳು ಕಹಳೆಗೆ ಒಗ್ಗಲಿಲ್ಲ. ಅದಕ್ಕಾಗಿ ತಗಡಿನ ತುತ್ತೂರಿಯನ್ನು ಜೋಡಿಸಿದ ವಿಶೇಷ ಪಿಟೀಲೊಂದನ್ನು ಮಾಡಿದ್ದರು. ಅಬ್ಬರದ ವಾದ್ಯಗಳನ್ನು ಕೋಣೆಯ ಮೂಲೆಗೆ ಅಟ್ಟುತ್ತಿದ್ದರು.

ಇಷ್ಟೆಲ್ಲ ನಡೆಯಬೇಕಾದುದು ಮೂರು ನಿಮಿಷಗಳಲ್ಲಿ. ಹತ್ತು ಅಂಗುಲ ವ್ಯಾಸದ ತಟ್ಟೆ ನಿಮಿಷಕ್ಕೆ ಸುಮಾರು 78 ಸುತ್ತಿನಂತೆ ತಿರುಗಿದರೆ ಅದರಲ್ಲಿ ಹಿಡಿಯುವುದು ಅಷ್ಟೇ ಹೊತ್ತು. ತಾಸುಗಟ್ಟಲೆ ವಿಸ್ತರಿಸಬಲ್ಲ ರಾಗವನ್ನು ಗೌಹರ್ ಜಾನ್ ಅವರು ಈ ಅಳತೆಗೆ ಕುಗ್ಗಿಸಿದರು. ಆಲಾಪದ ಒಂದೆರಡು ಗೆರೆ, ಕೂಡಲೇ ಪಲ್ಲವಿ, ವೇಗವಾದ ತಾನಗಳು, ಮುಕ್ತಾಯ. ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಎತ್ತರದ ದನಿಯಲ್ಲಿ ಸಾರುತ್ತಿದ್ದರು. ಇದು ಜಂಬವಲ್ಲ. ಮೇಣದ ತಟ್ಟೆಗಳು ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಿ ಅಲ್ಲಿ ಅಚ್ಚಾಗಬೇಕಿತ್ತು. ಭಾಷೆಯ ಗಂಧವೂ ಇಲ್ಲದ ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿದು ಸರಿಯಾದ ಚೀಟಿ ಅಂಟಿಸಲು ಆ ಘೋಷಣೆ ನೆರವಾಗುತ್ತಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿಯೇ ತಟ್ಟೆಯೊತ್ತುವ ಕಾರ್ಖಾನೆ ಪ್ರಾರಂಭವಾದ ಮೇಲೆ ಈ ದೂರದ ಪ್ರಯಾಣ ತಪ್ಪಿತು. ಮೂರು ನಿಮಿಷದ ಚೌಕಟ್ಟು ಮಾತ್ರ ತಪ್ಪಲಿಲ್ಲ. ಯಂತ್ರದ ಮಿತಿಯೇ ಸಂಗೀತದ ಒಂದು ಹೊಸ ರೂಪವನ್ನು ನಿರ್ಮಿಸಿತು ಎನ್ನಬಹುದು. ಕೆಲವರ ಪಾಲಿಗೆ ಅದು ರಾಗದ ಸಾರ, ಕೆಲವರ ಪಾಲಿಗೆ ರಾಗದ ಅಂಗಚ್ಛೇದ.

ಗೌಹರ್ ಜಾನ್ ಅವರ ಬಾಳಿನ ಕಡೆಯ ದಿನಗಳು ಕಳೆದುದು ಮೈಸೂರಿನಲ್ಲಿ. ಸಂಗೀತಪೋಷಕರಾದ ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅವರನ್ನು ಆಸ್ಥಾನ ವಿದುಷಿಯಾಗಿ ನೇಮಿಸಿದರು. ಆ ವೇಳೆಗೆ ಅವರ ಸಂಪತ್ತು ಕರಗಿತ್ತು, ಆರೋಗ್ಯವೂ ಕುಂದಿತ್ತು. 1930ರ ಜನವರಿ 17ರಂದು ಅವರು ಮೈಸೂರಿನಲ್ಲಿ ನಿಧನರಾದರು. ಕಲ್ಕತ್ತೆಯ ಕೋಣೆಯಲ್ಲಿ ಕಹಳೆಯ ಮುಂದೆ ಅವರು ಹಾಡಿದ ತಟ್ಟೆಗಳು ಅವರಿಗಿಂತ ದೀರ್ಘಾಯುಗಳಾದವು.

ಅವರು ಬದುಕಿದ್ದಾಗಲೇ ಕಹಳೆಯ ಕಾಲ ಮುಗಿದಿತ್ತು. 1925ರಿಂದ ಮೈಕ್ರೊಫೋನು ಎಂಬ ಧ್ವನಿಗ್ರಾಹಕ ಬಳಕೆಗೆ ಬಂದಿತು. ಅದು ಗಾಳಿಯ ಕಂಪನವನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುತ್ತದೆ. ಆ ಕ್ಷೀಣವಾದ ವಿದ್ಯುತ್ತನ್ನು ನಿರ್ವಾತ ನಳಿಕೆಗಳು ಬಲಪಡಿಸುತ್ತವೆ; ಬಲಗೊಂಡ ವಿದ್ಯುತ್ತು ಮೇಣವನ್ನು ಕೊರೆಯುತ್ತದೆ. ಕೊರೆಯುವ ಶಕ್ತಿ ಈಗ ಗಾಯಕರ ಕಂಠದಿಂದ ಬರಬೇಕಾಗಿಲ್ಲ. ಕಹಳೆಯ ಕಿವಿಗೆ ಕ್ಷಣಕ್ಕೆ ಸುಮಾರು 250ರಿಂದ 2,500 ಕಂಪನಗಳವರೆಗಿನ ಸ್ವರಗಳು ಮಾತ್ರ ಕೇಳುತ್ತಿದ್ದವು. ಮೈಕ್ರೊಫೋನು ಅದಕ್ಕಿಂತ ಬಹಳ ಕೆಳಗಿನ ಮಂದ್ರವನ್ನೂ ಬಹಳ ಮೇಲಿನ ಸೂಕ್ಷ್ಮ ನಾದಗಳನ್ನೂ ಹಿಡಿಯಿತು. ಪಿಸುಗುಟ್ಟಿದಂತೆ ಹಾಡುವವರೂ ಈಗ ಸಾವಿರ ಮನೆಗಳನ್ನು ಮುಟ್ಟಬಲ್ಲವರಾದರು. ಮದರಾಸಿನ ವೀಣೆ ಧನಮ್ಮಾಳ್ ಅವರ ನುಡಿಸಾಣಿಕೆಯ ಬನಿ ಇರುವುದು ಅದರ ಮಾರ್ದವದಲ್ಲಿ. 1938ರಲ್ಲಿ ತೀರಿಕೊಂಡ ಆ ವೈಣಿಕರ ನಾದ ಇಂದಿಗೂ ತಟ್ಟೆಗಳಲ್ಲಿ ಕೇಳಸಿಗುತ್ತಿರುವುದು ಈ ಉಪಕರಣದ ಪುಣ್ಯದಿಂದ. ತಗಡಿನ ಕಹಳೆಯ ಮುಂದೆ ಅಂತಹ ವೀಣೆ ಏನು ಮಾಡೀತು?

ಹೊಸ ಉಪಕರಣಕ್ಕೆ ತಕ್ಕ ಕೋಣೆಯೂ ಬೇಕಾಯಿತು. 1931ರ ನವೆಂಬರ್ 12ರಂದು ಲಂಡನ್ನಿನ ಆಬಿ ರಸ್ತೆಯಲ್ಲಿ ಇ.ಎಂ.ಐ. ಸಂಸ್ಥೆಯ ಸ್ಟುಡಿಯೊ ಪ್ರಾರಂಭವಾಯಿತು. ವಾದ್ಯವೃಂದವನ್ನು ನಡೆಸಿ ಅದನ್ನು ಉದ್ಘಾಟಿಸಿದವರು ಎಡ್ವರ್ಡ್ ಎಲ್ಗರ್ ಎಂಬ ಹಿರಿಯ ವಾಗ್ಗೇಯಕಾರರು. ಇಂತಹ ಸ್ಟುಡಿಯೊಗಳಲ್ಲಿ ಕಲಾವಿದರು ಒಂದು ಕೋಣೆಯಲ್ಲಿ, ಮುದ್ರಿಸುವವರು ಇನ್ನೊಂದರಲ್ಲಿ. ಎರಡನೆಯದಕ್ಕೆ ನಿಯಂತ್ರಣ ಕೊಠಡಿಯೆಂದು ಹೆಸರು. ಹಲವು ಮೈಕ್ರೊಫೋನುಗಳಿಂದ ಬಂದ ತಂತಿಗಳು ಅಲ್ಲಿನ ಮಿಶ್ರಣ ಫಲಕಕ್ಕೆ ಬಂದು ಸೇರುತ್ತವೆ. ಒಂದೊಂದಕ್ಕೂ ಒಂದೊಂದು ಗುಂಡಿ. ಅದನ್ನು ತಿರುಗಿಸಿ ಪಿಟೀಲನ್ನು ಹೆಚ್ಚಿಸಬಹುದು, ಕಹಳೆಯನ್ನು ತಗ್ಗಿಸಬಹುದು. ಅದೇ ಸಂಸ್ಥೆಯ ಆಲನ್ ಬ್ಲಮ್ಲೈನ್ ಎಂಬ ಎಂಜಿನಿಯರು, ಮನುಷ್ಯನಿಗೆ ಎರಡು ಕಿವಿಗಳಿರುವಾಗ ಯಂತ್ರಕ್ಕೆ ಒಂದೇ ಏಕೆ ಎಂದು ಯೋಚಿಸಿ, 1931ರಲ್ಲಿ ಎರಡು ಮಾರ್ಗದ ಧ್ವನಿಮುದ್ರಣಕ್ಕೆ, ಎಂದರೆ ಸ್ಟೀರಿಯೊ ಪದ್ಧತಿಗೆ, ಪೇಟೆಂಟು ಕೋರಿ ಅರ್ಜಿ ಸಲ್ಲಿಸಿದರು. ಎಡದಿಂದ ಬಂದುದು ಎಡಕ್ಕೆ, ಬಲದಿಂದ ಬಂದುದು ಬಲಕ್ಕೆ ಕೇಳುವಂತೆ ಒಂದೇ ಗೀರಿನ ಎರಡು ಬದಿಗಳಲ್ಲಿ ಎರಡು ನಾದಗಳನ್ನು ಬರೆಯುವ ಉಪಾಯವೂ ಅದರಲ್ಲಿ ಸೇರಿತ್ತು. ಜನರ ಮನೆಗಳಿಗೆ ಅಂತಹ ತಟ್ಟೆಗಳು ಬರುವುದಕ್ಕೆ ಇನ್ನೂ ಕಾಲು ಶತಮಾನ ಹಿಡಿಯಿತು. ಬ್ಲಮ್ಲೈನ್ ಅದನ್ನು ಕಾಣಲಿಲ್ಲ. 1942ರಲ್ಲಿ ವಿಮಾನದಲ್ಲಿ ರೇಡಾರು ಉಪಕರಣವನ್ನು ಪರೀಕ್ಷಿಸುತ್ತಿದ್ದಾಗ ಅಪಘಾತಕ್ಕೀಡಾಗಿ ಅವರು ಮಡಿದರು.

ಈ ನಿಯಂತ್ರಣ ಕೊಠಡಿಯಲ್ಲಿ ಕುಳಿತು ಕಲಾವಿದರಿಗೂ ಯಂತ್ರಕ್ಕೂ ನಡುವೆ ತೀರ್ಪುಗಾರನಾಗಿರುವವನೇ ಧ್ವನಿಮುದ್ರಿಕೆಯ ನಿರ್ಮಾಪಕ. ಚಲನಚಿತ್ರದ ನಿರ್ಮಾಪಕರೆಂದರೆ ಹಣ ತೊಡಗಿಸುವವರು ಎಂಬ ಭಾವನೆ ಸಾಮಾನ್ಯವಾಗಿದೆ. ಇವನು ತೊಡಗಿಸುವುದು ಮುಖ್ಯವಾಗಿ ಕಿವಿಯನ್ನು. ಅಂದಿನ ಕೆಲಸದ ಕಷ್ಟವನ್ನು ತಿಳಿದರೆ ಈ ಕಿವಿಯ ಬೆಲೆ ಅರಿವಾಗುತ್ತದೆ. ಮೇಣದ ತಟ್ಟೆಯನ್ನು ಒಮ್ಮೆ ಹಾಕಿ ಕೇಳಿದರೆ ಸಾಕು, ಗೀರು ಸವೆದು ಅಚ್ಚಿಗೆ ಒದಗದಂತಾಗುತ್ತಿತ್ತು. ಎಂದರೆ, ಅಚ್ಚಿಗೆ ಕಳುಹಿಸುವ ತಟ್ಟೆಯನ್ನು ಯಾರೂ ಕೇಳಿ ನೋಡುವಂತಿರಲಿಲ್ಲ! ನಾಲ್ಕು ನಿಮಿಷಗಳ ವಾದನದಲ್ಲಿ ಮೂರನೆಯ ನಿಮಿಷದಲ್ಲಿ ಒಬ್ಬರು ತಪ್ಪಿದರೂ ಮೊದಲಿನಿಂದ ನುಡಿಸಬೇಕು. ಎಪ್ಪತ್ತು ಎಂಬತ್ತು ಮಂದಿ ವಾದಕರು ದಣಿಯುತ್ತಿರುವಾಗ, ಇದು ಸರಿಯಾಯಿತು ಅಥವಾ ಇನ್ನೊಮ್ಮೆ ಆಗಲಿ ಎಂದು ಆ ಕ್ಷಣದಲ್ಲಿ ಹೇಳಬೇಕಾದವನು ನಿರ್ಮಾಪಕ.

ಈ ಕಾರ್ಯವನ್ನು ಒಂದು ಕಲೆಯ ಮಟ್ಟಕ್ಕೆ ಏರಿಸಿದವರು ವಾಲ್ಟರ್ ಲೆಗ್. 1906ರಲ್ಲಿ ಹುಟ್ಟಿದ ಅವರು ಯಾವ ವಾದ್ಯದಲ್ಲಿಯೂ ವಿದ್ವಾಂಸರಲ್ಲ. ಆದರೆ ಅವರಷ್ಟು ನಿಷ್ಠುರವಾದ ಕಿವಿ ಆ ಕಾಲದಲ್ಲಿ ಅಪರೂಪ. ಒಳ್ಳೆಯ ಕಚೇರಿಗಳನ್ನು ಅಳೆಯುವುದಕ್ಕೆ ತಟ್ಟೆಗಳೇ ಮಾನದಂಡವಾಗಬೇಕೆಂಬುದು ಅವರ ಗುರಿ. ಜನರು ಅಷ್ಟಾಗಿ ಕೊಳ್ಳದ ಸಂಗೀತವನ್ನು ಮುದ್ರಿಸುವುದಕ್ಕೆ ಅವರು ಒಂದು ದಾರಿಯನ್ನು ಕಂಡುಹಿಡಿದರು. ಆಸಕ್ತರಿಂದ ಮುಂಗಡವಾಗಿ ಚಂದಾ ಸಂಗ್ರಹಿಸಿ, ಸಾಕಷ್ಟು ಮಂದಿ ಸೇರಿದ ಮೇಲೆ ತಟ್ಟೆಗಳನ್ನು ಹೊರತರುವುದು. 1931ರಲ್ಲಿ ಹ್ಯೂಗೊ ವುಲ್ಫ್ ಎಂಬ ವಾಗ್ಗೇಯಕಾರನ ಗೀತೆಗಳಿಗಾಗಿ ಹೀಗೆ ಒಂದು ಸಂಘ ಏರ್ಪಟ್ಟಿತು. ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಲೆಗ್ ಅವರು ಫಿಲ್‌ಹಾರ್ಮೋನಿಯ ಎಂಬ ವಾದ್ಯವೃಂದವನ್ನು ಕಟ್ಟಿದರು. ವಾದ್ಯವೃಂದಕ್ಕೆ ಹಣ ಬೇಕು. ಯುದ್ಧದಿಂದ ಬಡವಾದ ಲಂಡನ್ನಿನಲ್ಲಿ ಅದು ಸುಲಭವಾಗಿರಲಿಲ್ಲ. ಆಗ ಅವರಿಗೆ ನೆರವಾದುದು ಸಾವಿರಾರು ಮೈಲಿ ದೂರದ ಮೈಸೂರು.

ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ ಶ್ರೀವಿದ್ಯಾ ಎಂಬ ಅಂಕಿತದಿಂದ ಕೃತಿಗಳನ್ನು ರಚಿಸಿದವರೆಂಬುದು ಎಲ್ಲರಿಗೂ ತಿಳಿದ ಸಂಗತಿ. ಅವರು ಪಾಶ್ಚಾತ್ಯ ಸಂಗೀತದಲ್ಲಿಯೂ ನುರಿತವರು. ಪಿಯಾನೊ ವಾದಕರಾಗಬೇಕೆಂಬುದು ಅವರ ತಾರುಣ್ಯದ ಆಸೆ. 1940ರಲ್ಲಿ ತಂದೆಯವರೂ ದೊಡ್ಡಪ್ಪನವರಾದ ಕೃಷ್ಣರಾಜ ಒಡೆಯರೂ ಒಂದೇ ವರ್ಷದಲ್ಲಿ ತೀರಿಕೊಂಡು, ಇಪ್ಪತ್ತೊಂದನೆಯ ವಯಸ್ಸಿಗೆ ರಾಜ್ಯದ ಹೊಣೆ ಹೆಗಲಿಗೇರಿದುದರಿಂದ ಆ ಆಸೆ ಕೈಗೂಡಲಿಲ್ಲ. ಅವರು ತುಂಬ ಮೆಚ್ಚಿದ ವಾಗ್ಗೇಯಕಾರರಲ್ಲಿ ನಿಕೊಲಾಯ್ ಮೆಟ್ನರ್ ಒಬ್ಬರು. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಮೆಟ್ನರ್ ತಾಯ್ನಾಡನ್ನು ಬಿಟ್ಟು, ಕಡೆಗೆ ಲಂಡನ್ನಿನಲ್ಲಿ ನೆಲೆಸಿದ್ದರು. ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ವರಮಾನ ಯುದ್ಧದಿಂದ ನಿಂತುಹೋಗಿತ್ತು. ಹೃದಯದ ಬೇನೆ ಬೇರೆ. ಅವರ ಕೃತಿಗಳನ್ನು ಅವರಷ್ಟು ಚೆನ್ನಾಗಿ ನುಡಿಸಬಲ್ಲವರು ವಿರಳ; ಅವರ ಬೆರಳುಗಳು ನಿಂತರೆ ಆ ನಾದವೂ ನಿಲ್ಲುತ್ತಿತ್ತು. ವ್ಯಾಪಾರದ ಲೆಕ್ಕವನ್ನು ನೋಡುವ ಯಾವ ಕಂಪೆನಿಯೂ ಅವರ ಕೃತಿಗಳನ್ನು ದೊಡ್ಡ ಪ್ರಮಾಣದಲ್ಲಿ ಮುದ್ರಿಸುವಂತಿರಲಿಲ್ಲ.

ಮಹಾರಾಜರು ಅದರ ವೆಚ್ಚವನ್ನು ವಹಿಸಿಕೊಂಡರು. 1946ರಲ್ಲಿ ಮೆಟ್ನರ್ ಸಂಘವೆಂಬ ಹೆಸರಿನಲ್ಲಿ ಕೆಲಸ ಆರಂಭವಾಯಿತು. 1947ರಲ್ಲಿ ಮೆಟ್ನರ್ ತಮ್ಮ ಮೂರು ಪಿಯಾನೊ ಕನ್ಸರ್ಟೊಗಳನ್ನೂ ಫಿಲ್‌ಹಾರ್ಮೋನಿಯದೊಡನೆ ಲಂಡನ್ನಿನಲ್ಲಿ ನುಡಿಸಿದರು. ಆಗಲೂ ತಟ್ಟೆಯ ಅವಧಿ ಒಂದು ಮಗ್ಗುಲಿಗೆ ನಾಲ್ಕು ನಿಮಿಷವನ್ನು ಬಹಳ ಮೀರುತ್ತಿರಲಿಲ್ಲ. ಅರ್ಧ ಗಂಟೆಯನ್ನು ಮೀರುವ ಒಂದು ಕೃತಿಯನ್ನು ತುಂಡು ತುಂಡಾಗಿ ನುಡಿಸಿ, ಮುಂದಿನ ತುಂಡನ್ನು ಹಿಂದಿನದರ ಕಾಲಪ್ರಮಾಣದಲ್ಲಿಯೇ, ಹಿಂದಿನದರ ಭಾವದಲ್ಲಿಯೇ ಎತ್ತಿಕೊಳ್ಳಬೇಕಾಗಿತ್ತು. ಅರವತ್ತೇಳರ ವಯಸ್ಸಿನಲ್ಲಿ, ಬಳಲಿದ ದೇಹದಲ್ಲಿ ಮೆಟ್ನರ್ ಇದನ್ನು ಸಾಧಿಸಿದರು. ತಟ್ಟೆಗಳು ಮೂರು ಸಂಪುಟಗಳಲ್ಲಿ ಹೊರಬಂದವು. ಕೃತಜ್ಞತೆಯಿಂದ ಅವರು ತಮ್ಮ ಮೂರನೆಯ ಕನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರ ನವೆಂಬರಿನಲ್ಲಿ ಅವರು ತೀರಿಕೊಂಡರು. ನಾಲ್ಕೈದು ವರ್ಷ ತಡವಾಗಿದ್ದರೆ ಮುದ್ರಿಸಲು ಏನೂ ಉಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಮೇಣದ ಕಾಲವೂ ಮುಗಿಯುತ್ತ ಬಂದಿತ್ತು. ಜರ್ಮನಿಯಲ್ಲಿ ಬೆಳೆದ ಕಾಂತಪಟ್ಟಿಯ ಯಂತ್ರ, ಎಂದರೆ ಟೇಪು, ಯುದ್ಧಾನಂತರ ಎಲ್ಲ ಕಡೆ ಹರಡಿತು. ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಸವರಿದ ಪಟ್ಟಿ ವಿದ್ಯುತ್ಕಾಂತದ ಮುಂದೆ ಹಾದುಹೋಗುವಾಗ ನಾದದ ಏರಿಳಿತ ಅದರಲ್ಲಿ ಕಾಂತತ್ವವಾಗಿ ಅಚ್ಚೊತ್ತುತ್ತದೆ. ಇದನ್ನು ಎಷ್ಟು ಸಲ ಬೇಕಾದರೂ ಕೇಳಬಹುದು, ಅಳಿಸಬಹುದು, ಕತ್ತರಿಸಿ ಅಂಟಿಸಬಹುದು. ಸ್ಟುಡಿಯೊಗಳಲ್ಲಿ ಪಟ್ಟಿ ಕ್ಷಣಕ್ಕೆ ಹದಿನೈದು ಅಂಗುಲ ಓಡುತ್ತಿತ್ತು. ಹಾಗೆಂದ ಮೇಲೆ ಕ್ಷಣದ ಹತ್ತನೆಯ ಒಂದು ಭಾಗವೆಂದರೆ ಒಂದೂವರೆ ಅಂಗುಲ. ಒಂದು ಕೆಮ್ಮನ್ನು ಬ್ಲೇಡಿನಿಂದ ಕತ್ತರಿಸಿ ಎಸೆಯಬಹುದು! ಮೊದಲ ಸಲ ಚೆನ್ನಾಗಿ ಬಂದ ಪಲ್ಲವಿಗೆ ಮೂರನೆಯ ಸಲ ಚೆನ್ನಾಗಿ ಬಂದ ಚರಣವನ್ನು ಜೋಡಿಸಬಹುದು. ಇದು ಕಲೆಯೋ ಕಪಟವೋ ಎಂಬ ಚರ್ಚೆ ಅಂದೇ ಹುಟ್ಟಿತು, ಇಂದಿಗೂ ತೀರಿಲ್ಲ. ಕೆನಡಾದ ಪಿಯಾನೊ ವಾದಕ ಗ್ಲೆನ್ ಗೌಲ್ಡ್ 1964ರಲ್ಲಿ ಸಭೆಗಳಲ್ಲಿ ನುಡಿಸುವುದನ್ನೇ ಬಿಟ್ಟು ಸ್ಟುಡಿಯೊವನ್ನು ತಮ್ಮ ವೇದಿಕೆಯನ್ನಾಗಿ ಮಾಡಿಕೊಂಡರು. ಆಬಿ ರಸ್ತೆಯಲ್ಲಿ ಜಾರ್ಜ್ ಮಾರ್ಟಿನ್ ಎಂಬ ನಿರ್ಮಾಪಕರು, ಬೀಟಲ್ಸ್ ತಂಡದ ತರುಣರಿಗಾಗಿ, ನಾಲ್ಕು ಸಾಲುಗಳ ಟೇಪಿನಲ್ಲಿ ಬೇರೆಬೇರೆಯಾಗಿ ಮುದ್ರಿಸಿದ ದನಿಗಳನ್ನು ಒಂದರ ಮೇಲೊಂದು ಪೇರಿಸಿ, ಯಾವ ಸಭೆಯಲ್ಲಿಯೂ ಎಂದೂ ನುಡಿಸಿರದ ಸಂಗೀತವನ್ನು 1967ರಲ್ಲಿ ಸೃಷ್ಟಿಸಿದರು. ಹಿಡಿದಿಡುವ ಸಾಧನ ಅಲ್ಲಿಗೆ ಹುಟ್ಟಿಸುವ ಸಾಧನವೂ ಆಯಿತು.

ತರುವಾಯ ಬಂದುದು ಅಂಕಿಗಳ ಯುಗ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ. ತಟ್ಟೆಯಲ್ಲಿ ಗೀರಿಲ್ಲ, ಕ್ಷಣಕ್ಕೆ 44,100 ಬಾರಿ ನಾದವನ್ನು ಅಳೆದು ಬರೆದ ಸಂಖ್ಯೆಗಳಿವೆ. ಸಂಖ್ಯೆಗಳನ್ನು ಎಷ್ಟು ಸಲ ನಕಲು ಮಾಡಿದರೂ ಸವೆಯುವುದಿಲ್ಲವಾದುದರಿಂದ ಹಳೆಯ ತಟ್ಟೆಗಳನ್ನು ಉಳಿಸಿಕೊಳ್ಳುವುದಕ್ಕೆ ಇದು ತಕ್ಕ ಉಪಾಯವಾಯಿತು. ಅರಗಿನ ತಟ್ಟೆಯನ್ನು ತೊಳೆದು, ಗೀರಿನ ಅಗಲಕ್ಕೆ ಒಪ್ಪುವ ಮುಳ್ಳನ್ನು ಆರಿಸಿ, ಸರಿಯಾದ ವೇಗವನ್ನು ಗೊತ್ತುಮಾಡಿಕೊಂಡು ಒಮ್ಮೆ ನುಡಿಸಿದರೆ ಉಳಿದ ಕೆಲಸ ಗಣಕಯಂತ್ರದ್ದು. ಆದರೂ ಕಿವಿಯ ಕೆಲಸ ತಪ್ಪುವುದಿಲ್ಲ. ತಟ್ಟೆಯ ಸರಸರ ಸದ್ದನ್ನು ಪೂರ್ತಿ ತೆಗೆಯಹೋದರೆ ಅದರೊಡನೆ ಪಿಟೀಲಿನ ಹೊಳಪೂ ಗಾಯಕಿಯ ಉಸಿರೂ ಹೋಗುತ್ತವೆ. ಎಲ್ಲಿಗೆ ನಿಲ್ಲಿಸಬೇಕೆಂದು ಗಣಕಯಂತ್ರ ಹೇಳಲಾರದು.

ಹೀಗೆ ಉಳಿದುಬಂದ ಮುದ್ರಣಗಳಲ್ಲಿ ಮೈಸೂರಿಗೆ ಸಂಬಂಧಿಸಿದುದು ಇನ್ನೊಂದಿದೆ. ಜರ್ಮನಿಯ ರಿಚರ್ಡ್ ಸ್ಟ್ರೌಸ್ ತಮ್ಮ ಬಾಳಿನ ಕೊನೆಯಲ್ಲಿ ರಚಿಸಿದ ನಾಲ್ಕು ಗೀತೆಗಳು, ಅವರು 1949ರಲ್ಲಿ ಕಾಲವಾದ ಮೇಲೆ, 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಸಭಾಂಗಣದಲ್ಲಿ ಮೊದಲ ಬಾರಿಗೆ ಕೇಳಿಬಂದವು. ಹಾಡಿದವರು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್. ನುಡಿಸಿದುದು ಫಿಲ್‌ಹಾರ್ಮೋನಿಯ, ಅದನ್ನು ನಡೆಸಿದವರು ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್. ಆ ಸಭೆಯ ವೆಚ್ಚಕ್ಕೆ ಖಾತರಿಯಾಗಿ ನಿಂತವರು ಜಯಚಾಮರಾಜ ಒಡೆಯರು. ತಾವು ಹೋಗಿ ಕೇಳುವಂತಿಲ್ಲದ ಕಾರಣ ಅದನ್ನು ಮುದ್ರಿಸಿ ತಮಗೆ ಕಳುಹಿಸಬೇಕೆಂಬುದು ಅವರ ಏರ್ಪಾಡಾಗಿತ್ತು. ಮುದ್ರಣ ಅಷ್ಟೇನೂ ಚೆನ್ನಾಗಿಲ್ಲ. ಕರಕರ ಸದ್ದು ಉದ್ದಕ್ಕೂ ಇದೆ. ಅನೇಕ ವರ್ಷಗಳ ಅನಂತರ ಅದು ಸಿ.ಡಿ. ರೂಪದಲ್ಲಿ ಪ್ರಕಟವಾಯಿತು. ಆ ಸದ್ದಿನ ಹಿಂದಿನಿಂದ, ದೂರದ ಸಭಾಂಗಣದಲ್ಲಿ ಒಂದು ಸಂಜೆ ಏರಿದ ಕಂಠವನ್ನು ಇಂದು ಬಯಸಿದವರೆಲ್ಲ ಕೇಳಬಹುದಾಗಿದೆ.